ಇತ್ಯಾದಿಗೊಂದು ದರ

ಕಚೇರಿಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಕಾರಿಡಾರಿನ ತಿರುವು ದಾಟಿದಳೋ ಇಲ್ಲವೋ, ಇತ್ಯಾದಿಯಮ್ಮ ಆಗಿಬಿಡುತ್ತಿದ್ದಳು. ಆ ಅಡ್ಡಹೆಸರು ಅವಳ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಅವಳಿಗೇನೂ ಬೇಜಾರಿರಲಿಲ್ಲ. ತನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರನ್ನು ಇದೇ ಜನ 'ನಿದ್ದೆಗುಂಬಳ' ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ತನ್ನದು ಗೌರವದ ಹೆಸರು ಎಂದುಕೊಂಡಿದ್ದಳು.

ನಗರದ ಒಳಚರಂಡಿ ಸಂಸ್ಥೆಯ ಗುತ್ತಿಗೆ ವಿಭಾಗ ಅವಳದು. ಪಂಪು ರಿಪೇರಿಯಿಂದ ಹಿಡಿದು ಕಿಟಕಿಯ ಗಾಜು ಒರೆಸುವವರೆಗೆ, ಹೊರಗಿನವರಿಗೆ ಕೊಡುವ ಕೆಲಸದ ಕರಾರೆಲ್ಲ ಅವಳ ಮೇಜು ದಾಟಿಯೇ ಹೋಗಬೇಕು. ಕರಡಿನಲ್ಲಿ ಎಲ್ಲಾದರೂ 'ಇತ್ಯಾದಿ' ಎಂದು ಕಂಡರೆ ಸಾಕು, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ 'ಅಂದರೆ?' ಎಂದು ಬರೆದು ವಾಪಸು ಕಳಿಸುತ್ತಿದ್ದಳು. ಹೊಸದಾಗಿ ಸೇರಿದ ಎಂಜಿನಿಯರೊಬ್ಬ ಸಿಟ್ಟಿಗೆದ್ದು 'ಇತ್ಯಾದಿ ಅಂದರೆ ಮುಂತಾದವು' ಎಂದು ಬರೆದು ಕಳಿಸಿದ್ದ. 'ಮುಂತಾದವು ಅಂದರೆ?' ಎಂದು ಅದೂ ಹಿಂದಕ್ಕೆ ಹೋಯಿತು. ಕೊನೆಗೆ ಅವನೇ ಮಹಡಿ ಹತ್ತಿ ಬಂದು, "ಮೇಡಂ, ಸತ್ಯ ಹೇಳ್ಬೇಕು ಅಂದ್ರೆ ನನಗೂ ಗೊತ್ತಿಲ್ಲ" ಎಂದು ಒಪ್ಪಿಕೊಂಡ.

"ಹಾಗೆ ಹೇಳು. ಈಗ ಕೂತು ಇಬ್ಬರೂ ಹುಡುಕೋಣ" ಎಂದು ಅವನಿಗೆ ಕುರ್ಚಿ ಎಳೆದುಕೊಟ್ಟಿದ್ದಳು.

ಈ ಕಾಯಿಲೆ ಅವಳಿಗೆ ಹತ್ತಿದ್ದು ಕಚೇರಿಯಲ್ಲಲ್ಲ, ಮನೆಯಲ್ಲಿ. ಗಂಡ ಒಳ್ಳೆಯವನು. ಈ ಮಾತನ್ನು ಅವಳೂ ಹೇಳುತ್ತಿದ್ದಳು, ಅಕ್ಕಪಕ್ಕದವರೂ ಹೇಳುತ್ತಿದ್ದರು. ಅಕ್ಕಪಕ್ಕದವರು ಅವಳಿಗಿಂತ ಸ್ವಲ್ಪ ಜಾಸ್ತಿಯೇ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವನ ಸ್ನೇಹಿತನೊಬ್ಬ ಮನೆಗೆ ಬಂದು, "ಇಬ್ಬರೂ ಕೆಲಸಕ್ಕೆ ಹೋಗ್ತೀರಿ, ಮನೆ ಹೇಗಪ್ಪಾ ನಿಭಾಯಿಸ್ತೀರಿ?" ಎಂದು ಕೇಳಿದ.

"ಎಲ್ಲ ಹಂಚ್ಕೊಂಡಿದೀವಿ" ಎಂದ ಗಂಡ, ಹೆಮ್ಮೆಯಿಂದಲೇ. "ಕರೆಂಟು ಬಿಲ್ಲು, ಗ್ಯಾಸು, ಗಾಡಿ ಸರ್ವೀಸು ನಂದು. ಅಡುಗೆ ಇತ್ಯಾದಿ ಅವಳದು."

ಚಹಾದ ತಟ್ಟೆ ಹಿಡಿದು ಬರುತ್ತಿದ್ದವಳು ಬಾಗಿಲಲ್ಲೇ ನಿಂತಳು. ಮುಗಿಯುವ ಮೊದಲೇ ಅತ್ತೆಯ ಮಾತ್ರೆ ತರುವುದು, ಒಂಟಿಯಾದ ಕಾಲುಚೀಲಕ್ಕೆ ಜೊತೆ ಹುಡುಕುವುದು, ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡದ್ದನ್ನು ಮೂಗು ಮುಚ್ಚಿಕೊಂಡು ಬೆರಳಲ್ಲಿ ಎತ್ತಿ ಹಾಕುವುದು, ಯಾವ ಟವೆಲು ಯಾರದೆಂದು ನೆನಪಿಟ್ಟುಕೊಳ್ಳುವುದು, ಹಾಲು ಉಕ್ಕದಂತೆ ಒಲೆಯ ಮುಂದೆ ಕಾವಲು ನಿಲ್ಲುವುದು, ಬಂದವರಿಗೆ ಬೇಕೋ ಬೇಡವೋ ಎಂದು ಕೇಳದೆ ಚಹಾ ತರುವುದು. ಆ ಒಂದು ಮಾತಿನ ಚೀಲದೊಳಗೆ ಇಷ್ಟೆಲ್ಲವನ್ನೂ ತುಂಬಿ ಬಾಯಿ ಕಟ್ಟಿದ್ದ. ಗಾಡಿ ಸರ್ವೀಸು ವರ್ಷಕ್ಕೊಮ್ಮೆ ಬಂದರೆ ಸಿಂಕು ಹೊತ್ತುಹೊತ್ತಿಗೂ ಬರುತ್ತದೆ. ತಟ್ಟೆ ಕೆಳಗಿಟ್ಟು ಕೇಳಿದಳು: "ಇತ್ಯಾದಿ ಅಂದರೆ?"

ಸ್ನೇಹಿತ ನಕ್ಕ. ಗಂಡನೂ ನಕ್ಕ. ಮೂಲೆಯಲ್ಲಿ ಸ್ವೆಟರು ಹೆಣೆಯುತ್ತಿದ್ದ ಅತ್ತೆ ಮಾತ್ರ ನಗಲಿಲ್ಲ. ಸೂಜಿ ನಿಲ್ಲಿಸಿ ಸೊಸೆಯ ಮುಖವನ್ನೊಮ್ಮೆ ಸರಿಯಾಗಿ ನೋಡಿದಳು. ಅತ್ತೆ ಸೊಸೆಯರ ಸ್ನೇಹ ಶುರುವಾದದ್ದು ಅವತ್ತು.

ಆಮೇಲಾಮೇಲೆ ರಾತ್ರಿಯೂಟದ ಪಾತ್ರೆ ಗಂಡನ ಪಾಲಿಗೆ ಹೋಯಿತು. ಅವನು ಅದನ್ನು 'ಸಹಾಯ' ಎನ್ನುತ್ತಿದ್ದ. "ಯಾರಿಗೆ ಸಹಾಯ? ಆ ತಟ್ಟೇಲಿ ಊಟ ಮಾಡಿದ್ದು ಯಾರು?" ಎಂದು ಅವಳು ಕೇಳುತ್ತಿದ್ದಳು. "ಆಯ್ತು ಮಾರಾಯ್ತಿ, ಕೆಲಸ ಅಂತೀನಿ" ಎಂದು ಅವನು ನಲ್ಲಿ ತಿರುಗಿಸುತ್ತಿದ್ದ. ಮಾರನೆಯ ದಿನ ಮತ್ತೆ ಸಹಾಯ ಎಂದೇ ಅನ್ನುತ್ತಿದ್ದ. ಹೀಗೆ ಅವರ ಸಂಸಾರ ನಡೆದಿತ್ತು.

ಇನ್ನು ಫಾಸ್ಫೇಟಿನ ವಿಷಯ.

ಊರಿನ ಮನೆಮನೆಯ ಬಚ್ಚಲು, ಸಿಂಕು, ಕಕ್ಕಸಿನ ನೀರೆಲ್ಲ ಊರಾಚೆಯ ದೊಡ್ಡ ತೊಟ್ಟಿಗಳಿಗೆ ಬಂದು, ಅಲ್ಲಿ ತಿಳಿಯಾಗಿ, ನದಿಗೆ ಹೋಗುತ್ತದೆ. ಹಾಗೆ ಹೋಗುವ ನೀರು ನಿಜಕ್ಕೂ ಶುದ್ಧವೇ ಎಂದು ಸಂಸ್ಥೆ ತಾನೇ ಹೇಳಿಕೊಂಡರೆ ಯಾರೂ ನಂಬುವುದಿಲ್ಲ. ಅಮ್ಮನೇ ಮಗನ ಪರೀಕ್ಷೆಗೆ ಅಂಕ ಹಾಕಿದ ಹಾಗೆ. ಅದಕ್ಕೇ ದಿನವೂ ನೀರಿನ ಮಾದರಿಯನ್ನು ಬಾಟಲಿಗಳಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಗುತ್ತಿಗೆ ಪಡೆದ ಹೊರಗಿನ ಲ್ಯಾಬಿಗೆ ಕಳಿಸುವುದು ಪದ್ಧತಿ. ಲ್ಯಾಬು ಹೇಳಿದ್ದೇ ಮಾತು.

ಆ ಲ್ಯಾಬು ಈಗ ಕೆಲವು ತಿಂಗಳಿಂದ ಫಾಸ್ಫೇಟು ಜಾಸ್ತಿ, ಫಾಸ್ಫೇಟು ಜಾಸ್ತಿ ಎಂದು ಹೇಳತೊಡಗಿತ್ತು. ಅದು ಹೆಚ್ಚಾದರೆ ನದಿಯಲ್ಲಿ ಪಾಚಿ ಕೊಬ್ಬಿ ಮೀನು ಸಾಯುತ್ತವೆ. ಮೇಲಿನ ಮಂಡಳಿಯಿಂದ ನೋಟಿಸು ಬಂತು. ಎಂಜಿನಿಯರುಗಳು ತೊಟ್ಟಿಗೆ ಇನ್ನಷ್ಟು ಮದ್ದು ಸುರಿದರು. ಮದ್ದು ಮುಗಿಯಿತು, ಫಾಸ್ಫೇಟು ಮುಗಿಯಲಿಲ್ಲ. ಅಷ್ಟರಲ್ಲಿ ಲ್ಯಾಬಿನ ಗುತ್ತಿಗೆಯ ಅವಧಿಯೂ ತೀರುತ್ತ ಬಂದಿತ್ತು. ಮುಖ್ಯ ಎಂಜಿನಿಯರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಅವರು ಇತ್ಯಾದಿಯಮ್ಮನನ್ನು ಕರೆಸಿದರು.

"ಹೊಸ ಲ್ಯಾಬಿಗೆ ಟೆಂಡರ್ ಕರೀರಿ. ಹಳೇ ಕರಾರನ್ನೇ ನಕಲು ಮಾಡಿ, ತಾರೀಕು ಬದಲಾಯಿಸಿದ್ರೆ ಸಾಕು. ನಿಮ್ಮ ಕೆಂಪು ಪೆನ್ನು ಸ್ವಲ್ಪ ದಿನ ಮನೇಲೇ ಇರಲಿ."

ಹಳೆಯ ಕರಾರನ್ನು ತೆರೆದು ನೋಡಿದರೆ, ವರ್ಷವರ್ಷವೂ ಅವಳ ಮೇಜಿಗೆ ಬಾರದೆ ತನ್ನಷ್ಟಕ್ಕೆ ಮುಂದುವರಿದಿದ್ದ ಕಾಗದ ಅದು. ಒಂದೊಂದು ಪರೀಕ್ಷೆಗೂ ಒಂದೊಂದು ಸಾಲು, ಅಚ್ಚುಕಟ್ಟು. ಕೊನೆಗೆ, 'ಬಾಟಲಿ, ಸಾಗಣೆ ಇತ್ಯಾದಿ ಸಂಸ್ಥೆಯ ಜವಾಬ್ದಾರಿ.'

ಮಾರನೆಯ ಬೆಳಿಗ್ಗೆ ಅವಳು ಊರಾಚೆಯ ಸ್ಥಾವರಕ್ಕೆ ಹೋದಳು. ಬಾಟಲಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೋ ಅದರ ಹಿಂದೆಯೇ ಹೋಗುವುದೆಂದು ನಿರ್ಧಾರ. ಪಂಪುಮನೆಯ ಗೋಡೆಗೆ ಆತುಕೊಂಡು ತಗಡಿನ ಕೊಠಡಿಯೊಂದಿತ್ತು. ಪಂಪಿನ ಸದ್ದಿಗೆ ಅದರ ಕಿಟಕಿಯ ಗಾಜೂ ಸಣ್ಣಗೆ ಅದುರುತ್ತಿತ್ತು. ಬಾಗಿಲಲ್ಲಿ ಕಾಲಿಡುವುದರೊಳಗೆ ಒಳಗಿನಿಂದ ಗದರಿಕೆ ಬಂತು.

"ಯಾರದು? ಬೂಟು ಆಚೆ! ಈಗಷ್ಟೇ ನೆಲ ಒರೆಸಿದೀನಿ!"

ಕೂಗಿದವಳು ಮೊಣಕೈವರೆಗೆ ನೀರಿನಲ್ಲಿದ್ದ, ತೋರದ ತೋಳಿನ ಹೆಂಗಸು. ಸ್ಥಾವರದವರೆಲ್ಲ ಅವಳನ್ನು ಫಳಫಳಕ್ಕ ಎನ್ನುತ್ತಿದ್ದರು. ಅವಳ ಕೈಗೆ ಸಿಕ್ಕಿದ್ದು ಫಳಫಳ ಎನ್ನದೆ ಬಿಡುಗಡೆಯಾಗುತ್ತಿರಲಿಲ್ಲ. ನಲ್ಲಿ, ಬಾಗಿಲ ಚಿಲಕ, ಬಲ್ಬು, ಪಂಪುಮನೆಯವನ ಚಹಾ ಲೋಟ, ಎಲ್ಲ ಸರತಿಯಲ್ಲಿ ನಿಂತಿದ್ದವು. ಗೋಡೆಯ ಹಲಗೆಯ ಮೇಲೆ ಮಾದರಿಯ ಬಾಟಲಿಗಳು ಬೆಳಕಿಗೆ ಕಣ್ಣು ಕೋರೈಸುತ್ತಿದ್ದವು. ಇತ್ಯಾದಿಯಮ್ಮ ಬೂಟು ಕಳಚಿ ಒಳಗೆ ಬಂದು, ಒಂದು ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು.

ನಿಂಬೆಹಣ್ಣು. ಇಡೀ ಊರಿನ ಕೊಳಚೆ ಹರಿದು ಬರುವ ಜಾಗದಲ್ಲಿ, ಅವಳ ಮನೆಯ ಸಿಂಕಿನ ವಾಸನೆ.

"ಇದನ್ನ ಏನು ಹಾಕಿ ತೊಳೀತೀಯಾ?"

"ಯಾಕೆ, ಕೊಳೆ ಇದೆಯಾ?"

"ಇಲ್ಲ. ಅದಕ್ಕೇ ಕೇಳ್ತಿದೀನಿ."

"ಮೊದಲು ಒಂದು ಸೋಪು ಕೊಡ್ತಿದ್ರು. ನೀರು ನೀರು, ನೊರೆ ಇಲ್ಲ ಗಿರೆ ಇಲ್ಲ. ಅದು ಮುಗೀತು. ಸ್ಟೋರಿಗೆ ಹೋಗಿ ಕೇಳಿದ್ರೆ, ಬಾಟಲಿ ತೊಳೆಯೋದು ಅಂತ ನಮ್ಮಲ್ಲಿ ಬಾಬ್ತೇ ಇಲ್ಲ, ಹೋಗಮ್ಮಾ ಅಂದ್ರು." ಫಳಫಳಕ್ಕ ಕೈ ಕೊಡವಿ, ಕಿಟಕಿಯಲ್ಲಿದ್ದ ಹಳದಿ ಪೊಟ್ಟಣವನ್ನು ಮಗುವಿನ ಹಾಗೆ ಎತ್ತಿ ತೋರಿಸಿದಳು. "ಆಮೇಲೆ ನಾನೇ ಮನೆಯಿಂದ ತರ್ತಿದೀನಿ. ಒಳ್ಳೇ ಪುಡಿ. ನನ್ನ ನಾದಿನಿ ಹತ್ರ ಬಚ್ಚಿಟ್ಟು ತರೋದು, ಗೊತ್ತಾ? ಎಷ್ಟು ನೊರೆ ಬರತ್ತೆ ನೋಡಿ, ಮೋಡದ ಥರ!"

ಇತ್ಯಾದಿಯಮ್ಮ ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದಿದಳು. ಓದಿ, ಅಲ್ಲೇ ಇದ್ದ ಕ್ರೇಟಿನ ಮೇಲೆ ಕುಳಿತುಬಿಟ್ಟಳು. ತೊಟ್ಟಿಗೆ ಸುರಿದ ಮದ್ದು, ಮಂಡಳಿಯ ನೋಟಿಸು, ಎಂಜಿನಿಯರುಗಳ ಜಗಳ, ಎಲ್ಲ ಅವಳ ಕಣ್ಣ ಮುಂದೆ ಬಂದು ಹೋದವು. ನಗು ಬಂತು. ನಗಬಾರದು ಎಂದುಕೊಂಡಳು.

"ಅಕ್ಕಾ, ಈ ಪುಡೀಲಿ ಫಾಸ್ಫೇಟು ಇದೆ. ಒಳಗೆ ಇಷ್ಟೇ ಇಷ್ಟು ಉಳಿದ್ರೂ ಲ್ಯಾಬಿನ ಮಿಷನ್ನು ಹಿಡಿಯತ್ತೆ."

ಫಳಫಳಕ್ಕನ ಮುಖ ಬಿಳಿಚಿಕೊಂಡಿತು. "ಅಂದ್ರೆ ನದಿಗೆ ಗಲೀಜು ಬಿಟ್ಟಿದ್ದು ನಾನಾ?"

"ನದಿಗಲ್ಲ. ಬಾಟಲಿಗೆ."

"ಯಾರೂ ಹೇಳ್ಲಿಲ್ವಲ್ಲ!"

ಯಾರು ಹೇಳಬೇಕಿತ್ತು? ಕಾಗದದ ಮೇಲೆ ಇಲ್ಲದ ಕೆಲಸಕ್ಕೆ ಕಲಿಸುವವರೂ ಇರುವುದಿಲ್ಲ, ಸೋಪು ಕೊಡುವವರೂ ಇರುವುದಿಲ್ಲ. ತಪ್ಪಾದಾಗ ಮಾತ್ರ ಮಾಡಿದವಳ ಹೆಸರು ಹುಡುಕಿಕೊಂಡು ಬರುತ್ತಾರೆ.

ಹಾಗೆಯೇ ಆಯಿತು. ಅವಳು ತೊಳೆದ ಬಾಟಲಿಗೆ ಬಟ್ಟಿ ಇಳಿಸಿದ ನೀರು ತುಂಬಿ ಲ್ಯಾಬಿಗೆ ಕಳಿಸಿದರೆ, ಅದರಲ್ಲೂ ಫಾಸ್ಫೇಟು ಬಂತು. ಗುಟ್ಟು ರಟ್ಟಾಯಿತು. ಮಂಡಳಿಗೆ ವಿವರಣೆ ಹೋಗಿ ನೋಟಿಸು ತಣ್ಣಗಾಯಿತು. ದೊಡ್ಡ ಸಾಹೇಬರು ನಿಟ್ಟುಸಿರು ಬಿಟ್ಟು, "ಆ ಹೆಂಗಸನ್ನ ಕಳಿಸಿಬಿಡಿ. ಇನ್ನು ಮೇಲೆ ಲ್ಯಾಬಿನವರೇ ತೊಳೆದ ಬಾಟಲಿ ತರಲಿ" ಎಂದರು.

ಆಗಲೇ ಇತ್ಯಾದಿಯಮ್ಮನಿಗೆ ಒಂದು ವಿಷಯ ಹೊಳೆದದ್ದು. ಫಳಫಳಕ್ಕ ಯಾವ ಪಟ್ಟಿಯಲ್ಲೂ ಇಲ್ಲ. ಅವಳ ಸಂಬಳ ಬರುತ್ತಿದ್ದದ್ದು 'ಸಾಗಣೆ ಇತ್ಯಾದಿ' ಎಂಬ ಬಾಬ್ತಿನಿಂದ. ತಾನು ಜೀವಮಾನವಿಡೀ ಅಟ್ಟಿಸಿಕೊಂಡು ಹೊಡೆದ ಮಾತಿನ ನೆರಳಿನಲ್ಲೇ ಆ ಹೆಂಗಸು ಬದುಕಿದ್ದಳು. ಹೊಸ ಕರಾರಿನಲ್ಲಿ ಆ ಮಾತಿಗೆ ಕೆಂಪು ಗೆರೆ ಎಳೆದರೆ ಅವಳೂ ಅದರ ಜೊತೆಗೇ ಅಳಿಸಿಹೋಗುತ್ತಾಳೆ. ಎಳೆಯದಿದ್ದರೆ ಮತ್ತದೇ ಕತ್ತಲೆ ಕೋಣೆ, ಮತ್ತೊಂದು ಪೊಟ್ಟಣ.

ಈ ಸುದ್ದಿ ಹೇಳಲು ಹೋದಾಗ ಫಳಫಳಕ್ಕ ಅಳಲಿಲ್ಲ. ತಪ್ಪಿನ ಭಾರಕ್ಕೆ ತೋಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಕೆಲಸ ಹೋದ್ರೆ ಮನೇಲಿ ಕೂರ್ಬೇಕು. ನಮ್ಮನೇಲಿ ನಾದಿನಿ, ಅವಳ ಗಂಡ, ಮೂರು ಮಕ್ಕಳು. ಅಲ್ಲೂ ತೊಳೆಯೋದೇ. ಆದ್ರೆ ಅಲ್ಲಿ ತೊಳೆದ್ರೆ ಏನೂ ಮಾಡ್ದೆ ಬಿದ್ದಿದಾಳೆ ಅಂತಾರೆ, ಇಲ್ಲಿ ತೊಳೆದ್ರೆ ಡ್ಯೂಟಿಗೆ ಹೋಗಿದಾಳೆ ಅಂತಾರೆ. ಅಷ್ಟೇ ನೋಡಿ ವ್ಯತ್ಯಾಸ."

ಅಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇತ್ಯಾದಿಯಮ್ಮ ನೇರ ದೊಡ್ಡ ಸಾಹೇಬರ ಕೋಣೆಗೆ ಹೋದಳು.

"ಸಾರ್, ಲ್ಯಾಬಿನವರೇ ತೊಳೆದ್ರೂ ಅಲ್ಲೂ ಒಬ್ಬಳು ಇರ್ತಾಳೆ. ಯಾವುದೋ ಹಿಂದಿನ ಕೋಣೇಲಿ. ಅವಳು ಯಾವ ಪುಡಿ ಹಾಕ್ತಾಳೆ ಅಂತ ನಮಗೆ ಗೊತ್ತಾಗಲ್ಲ, ಅಷ್ಟೇ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. ಕೆಟ್ಟ ಮನುಷ್ಯರಲ್ಲ, ತಪ್ಪು ಎರಡನೇ ಸಲ ಆಗಬಾರದೆಂಬ ಭಯ ಅವರದು. "ಹಾಗಾದ್ರೆ ಏನು ಮಾಡ್ಬೇಕು ಅಂತೀರಿ?"

"ತೊಳೆಯೋದನ್ನ ಒಂದು ಕೆಲಸ ಅಂತ ಕರಾರಲ್ಲಿ ಬರೀತೀನಿ. ಅದಕ್ಕೆ ಬೇರೆ ದರ, ತರಬೇತಿ, ಸಾಮಾನು. ಲ್ಯಾಬಿನ ಜವಾಬ್ದಾರೀಲೇ, ಆದ್ರೆ ನಮ್ಮ ಜಾಗದಲ್ಲಿ, ನಮ್ಮ ಕಣ್ಣೆದುರು. ಈಗ ತೊಳೀತಿರೋಳನ್ನೇ ಅವರು ತಗೋಬೇಕು."

"ಒಂದು ಷರತ್ತು" ಎಂದರು ಸಾಹೇಬರು. "ಮೊದಲನೇ ತಿಂಗಳು ಪ್ರಯೋಗ. ಅವಳು ತೊಳೆದ ಬಾಟಲಿಗೆ ಬಟ್ಟಿ ನೀರು ತುಂಬಿ ಕಳಿಸ್ತೀನಿ, ಯಾವ ಬಾಟಲಿ ಅಂತ ನಾನೇ ಆರಿಸ್ತೀನಿ. ಫಾಸ್ಫೇಟು ಚೂರು ಕಂಡ್ರೂ ಆ ಸಾಲಿಗೆ ನಾನೇ ಕೆಂಪು ಗೆರೆ ಎಳೀತೀನಿ. ಒಪ್ಪಿಗೆನಾ?"

ಒಪ್ಪದೆ ಬೇರೆ ದಾರಿ ಇರಲಿಲ್ಲ.

ಕರಡು ಬರೆಯಲು ಅವಳು ಕಾಗದಗಳನ್ನು ಮನೆಗೆ ತಂದಳು. ಊಟದ ಮೇಜಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಬಟಾಣಿ ಸುಲಿಯುತ್ತ ಅತ್ತೆ. ವಿಷಯ ಕೇಳಿಸಿಕೊಂಡ ಅತ್ತೆ ಬಟಾಣಿಯೊಂದನ್ನು ಬಾಯಿಗೆ ಹಾಕಿಕೊಂಡಳು.

"ದರ ಹಾಕ್ತಾರಾ ಅವರು? ಸೊನ್ನೆ ಹಾಕ್ತಾರೆ ನೋಡು."

"ಯಾಕತ್ತೆ ಹಾಗಂತೀರಿ?"

"ಒಂದು ಸಲ ಜನ ಎಣಿಸೋರು ಬಂದಿದ್ರು ಮನೆಗೆ. ಮನೇಲಿ ಯಾರ್‍ಯಾರು ಏನೇನು ಕೆಲಸ ಮಾಡ್ತಾರೆ ಅಂತ ಬರ್‍ಕೊಳ್ಳೋಕೆ. ನಿಮ್ಮ ಮಾವ ಜಗಲಿ ಮೇಲೆ ಕೂತು ಹೇಳ್ತಿದ್ರು. ನನ್ನ ಸರದಿ ಬಂದಾಗ, ಅವಳದು ಏನೂ ಇಲ್ಲ ಅಂದ್ರು. ಅವನೂ ಏನೂ ಇಲ್ಲ ಅಂತ ಬರ್‍ಕೊಂಡ."

"ನೀವೆಲ್ಲಿದ್ರಿ ಆಗ?"

"ಅಲ್ಲೇ ಇದ್ದೆನಲ್ಲೇ. ಕಂಕುಳಲ್ಲಿ ನಿನ್ನ ಗಂಡ, ಕೈಯಲ್ಲಿ ಅವರಿಬ್ಬರ ಚಹಾ."

ಸಿಂಕಿನ ಮುಂದೆ ನಿಂತಿದ್ದ ಗಂಡ ತಿರುಗಿ ನೋಡಿದ. "ನಾನು ಅಳ್ತಿದ್ನಾ?"

"ನೀನು ಅಳದೇ ಇದ್ದಿದ್ದು ಯಾವಾಗ?" ಎಂದಳು ತಾಯಿ. ಬಟಾಣಿಯ ಸಿಪ್ಪೆ ಅವನತ್ತ ಹಾರಿತು. ಸೊಸೆ ಮಾತ್ರ ನಗುನಗುತ್ತಲೇ ಕರಡಿಗೆ ಹೊಸದೊಂದು ಸಾಲು ಸೇರಿಸಿದಳು.

ಟೆಂಡರಿಗೆ ಮೊದಲಿನ ಸಭೆಗೆ ನಾಲ್ಕಾರು ಲ್ಯಾಬಿನವರು ಬಂದಿದ್ದರು. ಉದ್ದ ಮೇಜು, ನೀರಿನ ಬಾಟಲಿಗಳು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಎಲ್ಲರಿಗಿಂತ ಮುಂದೆ ಕೂತವನು ಟೈ ಕಟ್ಟಿಕೊಂಡು ಬಂದಿದ್ದ. ಕೊರಳಿಗೆ ಬಿಗಿಯಾಗಿದ್ದರಿಂದಲೋ ಏನೋ, ಪ್ರತಿ ಮಾತಿಗೂ ಗದ್ದ ಎತ್ತುತ್ತಿದ್ದ.

"ಮೇಡಂ, ಐಟಂ ಒಂಬತ್ತು ಅಚ್ಚಿನ ತಪ್ಪಿರಬೇಕು" ಎಂದ ಟೈ.

"ಓದಿ ನೋಡೋಣ."

"'ಬಾಟಲಿಗಳನ್ನು ಫಾಸ್ಫೇಟ್ ಇಲ್ಲದ ಸೋಪಿನಿಂದ ತೊಳೆಯುವುದು, ತೆಳು ಆಮ್ಲದಲ್ಲಿ ಆಡಿಸುವುದು, ಬಟ್ಟಿ ನೀರಿನಲ್ಲಿ ಜಾಲಿಸುವುದು, ಒಣಗಿಸುವುದು, ಮುಚ್ಚುವುದು. ಇದಕ್ಕೆ ತರಬೇತಿ ಪಡೆದ ಒಬ್ಬ ಕಾಯಂ ವ್ಯಕ್ತಿ, ಕೈಗವಸು, ಕಣ್ಣಿನ ರಕ್ಷಣೆ, ವಾರದ ರಜೆ.'" ಓದುತ್ತ ಓದುತ್ತ ಅವನ ದನಿಯಲ್ಲಿ ನಗು ತುಂಬಿಕೊಂಡಿತು. "ಪಾತ್ರೆ ತೊಳೆಯೋದಕ್ಕೂ ದರ ಕೇಳ್ತೀರಲ್ಲ ಮೇಡಂ!"

ಕೆಲವರು ನಕ್ಕರು.

"ಅಚ್ಚಿನ ತಪ್ಪಲ್ಲ. ದರ ಹಾಕಿ."

"ಸೊನ್ನೆ ಹಾಕ್ತೀವಿ ಬಿಡಿ. ಉಚಿತ. ನಮ್ಮ ಕಡೆಯಿಂದ ಒಂದು ಸೇವೆ ಅಂತ ಇಟ್ಕೊಳ್ಳಿ."

"ಉಚಿತ ಅಂದರೆ?"

ಹಿಂದಿನ ಸಾಲಿನಲ್ಲಿ ಕಚೇರಿಯವರೊಬ್ಬರು ಮೆಲ್ಲಗೆ, "ಬಂತು ನೋಡು" ಎಂದರು.

"ಅಂದ್ರೆ... ದುಡ್ಡು ತಗೊಳಲ್ಲ ಅಂತ."

"ನೀವು ತಗೊಳಲ್ಲ. ತೊಳೆಯೋರು?"

"ಯಾರಾದ್ರೂ ತೊಳೀತಾರೆ ಮೇಡಂ. ಇರ್ತಾರಲ್ಲ."

"ನಿಮ್ಮ ಲ್ಯಾಬಲ್ಲಿ ಈಗ ಯಾರು ತೊಳೀತಾರೆ?"

ಟೈ ಗದ್ದ ಎತ್ತಿದ. ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅವನ ಲ್ಯಾಬಿನ ಕೆಮಿಸ್ಟು, ಗಿಡ್ಡ ಕೂದಲಿನ ನಡುವಯಸ್ಸಿನ ಹೆಂಗಸು, ಅಲ್ಲಿಯವರೆಗೆ ಒಂದೂ ಮಾತಾಡಿರಲಿಲ್ಲ. ಈಗ ಗಂಟಲು ಸರಿಮಾಡಿಕೊಂಡಳು. "ನಾನು ತೊಳೀತೀನಿ. ಎಲ್ಲರೂ ಮನೆಗೆ ಹೋದ ಮೇಲೆ."

ಟೈ ಅವಳತ್ತ ತಿರುಗಿದ. "ಹೌದಾ? ಹೇಳೇ ಇಲ್ಲ?"

"ಕೇಳೇ ಇಲ್ಲ" ಎಂದಳು ಕೆಮಿಸ್ಟು.

"ಇನ್ನೊಂದು ಮಾತು ಎಲ್ಲರೂ ಬರ್‍ಕೊಳ್ಳಿ" ಎಂದಳು ಇತ್ಯಾದಿಯಮ್ಮ. "ಐಟಂ ಒಂಬತ್ತಕ್ಕೆ ಸೊನ್ನೆ ಹಾಕಿದ ದರಪಟ್ಟಿಯನ್ನ ಮುಂದೆ ಓದೋದೇ ಇಲ್ಲ." ದೊಡ್ಡ ಸಾಹೇಬರು ಏನಾದರೂ ಹೇಳಿಯಾರೆಂದು ಎಲ್ಲರೂ ನೋಡಿದರು. ಅವರು ಫ್ಯಾನನ್ನು ನೋಡುತ್ತ ಕುಳಿತರು.

ಕೊನೆಗೆ ಗುತ್ತಿಗೆ ಸಿಕ್ಕಿದ್ದು ಟೈಯ ಲ್ಯಾಬಿಗೇ. ಐಟಂ ಒಂಬತ್ತಕ್ಕೆ ಮರ್ಯಾದೆಯ ದರ ಹಾಕಿದ್ದರು. ಆ ದರ ಲೆಕ್ಕ ಹಾಕಿದ್ದು ಕೆಮಿಸ್ಟು ಎಂದು ಆಮೇಲೆ ತಿಳಿಯಿತು.

ಕಲಿಸಲು ಬಂದವಳೂ ಅವಳೇ. ಕಟ್ಟುನಿಟ್ಟಿನವಳು. ಹಳದಿ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಇಟ್ಟು, ಬಣ್ಣವಿಲ್ಲದ, ವಾಸನೆಯಿಲ್ಲದ ಸೋಪಿನ ಡಬ್ಬಿ ಮುಂದಿಟ್ಟಳು. ಫಳಫಳಕ್ಕನ ಮುಖ ಜೋತುಬಿತ್ತು.

"ನೊರೆನೇ ಬರಲ್ವಲ್ಲ ಇದ್ರಲ್ಲಿ! ನೊರೆ ಇಲ್ದೆ ತೊಳೆದ್ರೆ ತೊಳೆದ ಹಾಗಾಗತ್ತಾ?"

"ನೊರೆ ನಿಮ್ಮ ಕಣ್ಣಿಗೆ. ಬಾಟಲಿಗೆ ಬೇಡ."

"ಈ ಕನ್ನಡಕ ಯಾಕೆ? ಹಾಕ್ಕೊಂಡ್ರೆ ಕಪ್ಪೆ ಥರ ಕಾಣ್ತೀನಿ."

"ಹಾಕ್ಕೊಳ್ದೆ ಇದ್ರೆ ಕಪ್ಪೇನೂ ಕಾಣ್ಸಲ್ಲ ನಿಮಗೆ. ಆಸಿಡ್ಡು ಅದು."

ಕಲಿಯಲು ಫಳಫಳಕ್ಕನಿಗೆ ಸುಲಭವಾಗಲಿಲ್ಲ. ಜಾಲಿಸುವುದನ್ನು ಮರೆಯುತ್ತಿದ್ದಳು, ಒದ್ದೆ ಬಾಟಲಿಯನ್ನು ಅಭ್ಯಾಸಬಲದಿಂದ ಬಟ್ಟೆಯಲ್ಲಿ ಒರೆಸಿ ಬೈಸಿಕೊಳ್ಳುತ್ತಿದ್ದಳು. ಇತ್ಯಾದಿಯಮ್ಮ ಬಿಡುವಾದಾಗಲೆಲ್ಲ ಬಂದು ಕ್ರೇಟಿನ ಮೇಲೆ ಕೂರುತ್ತಿದ್ದಳು. ಗುತ್ತಿಗೆ ವಿಭಾಗದವಳಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಬರುತ್ತಿದ್ದಳು. ಮೂವರೂ ಹೆಂಗಸರು ಆ ಅದುರುವ ಕೋಣೆಯಲ್ಲಿ ಚಹಾ ಕುಡಿಯುವಾಗ ಲೋಟಗಳನ್ನು ಸರದಿಯಲ್ಲಿ ತೊಳೆಯುವುದೆಂದು ತೀರ್ಮಾನವಾಗಿತ್ತು. ಕೆಮಿಸ್ಟಿನ ಸರದಿ ಬಂದಾಗ ಲೋಟಕ್ಕೂ ಬಟ್ಟಿ ನೀರು ಹಾಕುತ್ತಿದ್ದಳು.

ಪರೀಕ್ಷೆಯ ದಿನ ದೊಡ್ಡ ಸಾಹೇಬರು ತಾವೇ ಬಂದು, ಬೂಟು ಕಳಚಿ, ಹಲಗೆಯ ಮೇಲಿನಿಂದ ಕೈಗೆ ಬಂದ ಮೂರು ಬಾಟಲಿ ಎತ್ತಿಕೊಂಡರು. ಬಟ್ಟಿ ನೀರು ತುಂಬಿಸಿ, ಮುಚ್ಚಳದ ಮೇಲೆ ಮೊಹರು ಒತ್ತಿ, ಮಾಮೂಲಿ ಮಾದರಿಗಳ ನಡುವೆ ಸೇರಿಸಿ ಕಳಿಸಿದರು. ಗಾಡಿ ಗೇಟು ದಾಟಿತು. ಸಾಹೇಬರೂ ಹೋದರು. ಆಗ ಫಳಫಳಕ್ಕ ಇತ್ಯಾದಿಯಮ್ಮನ ತೋಳು ಹಿಡಿದುಕೊಂಡಳು.

"ಒಂದು ಮಾತು ಹೇಳ್ತೀನಿ. ಬೈಬಾರದು."

"ಏನು ಮಾಡ್ದೆ?"

"ಬೈಯಲ್ಲ ಅಂತ ಹೇಳಿ ಮೊದಲು."

"ಬೈತೀನೋ ಇಲ್ವೋ ಕೇಳಿದ ಮೇಲೆ ನೋಡೋಣ. ಏನು ಮಾಡ್ದೆ?"

"ಸಾಹೇಬ್ರು ಬರ್ತಾರೆ ಅಂತ... ಬಾಟಲಿ ಎಲ್ಲ ಮಂಕಾಗಿ ಕಾಣ್ತಿತ್ತು. ಅದಕ್ಕೇ ಆ ಹಳದಿ ಪೊಟ್ಟಣದ ಪುಡೀಲಿ ಒಂಚೂರು..." ಇತ್ಯಾದಿಯಮ್ಮನ ಮುಖ ನೋಡಿ ಅವಸರದಿಂದ ಸೇರಿಸಿದಳು. "ಒಳಗಲ್ಲ! ದೇವರಾಣೆ ಹೊರಗೆ ಮಾತ್ರ! ಮುಚ್ಚಳ ಗಟ್ಟಿಯಾಗಿ ಹಾಕ್ಕೊಂಡೇ ಒರೆಸಿದ್ದು. ಆಮೇಲೆ ಚೆನ್ನಾಗಿ ನೀರೂ ಹಾಕ್ದೆ."

ಬೈಯಲೂ ಆಗಲಿಲ್ಲ. ಗಾಡಿಯನ್ನು ವಾಪಸು ಕರೆಸಿದರೆ ಮೋಸವಾಗುತ್ತದೆ, ಸಾಹೇಬರಿಗೆ ಹೇಳಿದರೆ ಪ್ರಯೋಗ ಅಲ್ಲಿಗೇ ಮುಗಿಯುತ್ತದೆ. ಮುಚ್ಚಳ ತೆಗೆದವರ ಬೆರಳಿನಿಂದ ಒಂದು ಕಣ ಒಳಗೆ ಬಿದ್ದಿದ್ದರೂ ಸಾಕು. ಅವಳು ಸುಮ್ಮನೆ ಕ್ರೇಟಿನ ಮೇಲೆ ಕುಳಿತು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಫಲಿತಾಂಶ ಬರುವವರೆಗೆ ಇತ್ಯಾದಿಯಮ್ಮ ಮನೆಯಲ್ಲಿ ಇದ್ದೂ ಇಲ್ಲದಂತಿದ್ದಳು. ಗಂಡ ಪಾತ್ರೆ ತೊಳೆಯುವಾಗ ಹಿಂದೆ ಹೋಗಿ ನಿಂತು, ಅವನ ಮೊಣಕೈವರೆಗೆ ಏರಿದ ನೊರೆಯನ್ನೇ ದಿಟ್ಟಿಸುತ್ತಿದ್ದಳು.

"ಏನು, ತಪಾಸಣೆನಾ? ಸರಿಯಾಗೇ ತೊಳೀತಿದೀನಿ."

"ಲೋಟದ ಒಳಗಡೆ ನೀರು ಹಾಕಿ ಜಾಲಿಸಿದ್ಯಾ?"

"ಜಾಲಿಸ್ದೆ."

"ಇನ್ನೊಂದು ಸಲ ಜಾಲಿಸು."

ಹೆಂಡತಿಯ ದನಿಯಲ್ಲಿ ಏನೋ ಇತ್ತು. ಅವನು ಇನ್ನೊಂದು ಸಲ ಜಾಲಿಸಿ, ಕೈ ಒರೆಸಿಕೊಂಡು, ಅವಳಿಗೂ ತನಗೂ ಚಹಾ ಇಟ್ಟ. ಸಹಾಯ ಎಂಬ ಮಾತು ಅವತ್ತು ಅವನ ಬಾಯಿಂದ ಬರಲಿಲ್ಲ.

ಲ್ಯಾಬಿನ ವರದಿ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ದೊಡ್ಡ ಸಾಹೇಬರು ಓದಿ ಅವಳ ಮುಂದೆ ತಳ್ಳಿದರು. ಮೂರು ಬಾಟಲಿ, ಮೂರು ಸಾಲು. ಫಾಸ್ಫೇಟಿನ ಎದುರು ಮೂರರಲ್ಲೂ ಒಂದೇ ಮಾತು: ಕಂಡುಬಂದಿಲ್ಲ.

"ಐಟಂ ಒಂಬತ್ತು ಇರಲಿ" ಎಂದರು ಸಾಹೇಬರು.

ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಅವಳು ಸ್ಥಾವರಕ್ಕೆ ಓಡಿದಳು. ಫಳಫಳಕ್ಕ ಕಪ್ಪೆಕನ್ನಡಕ ಹಾಕಿಕೊಂಡು ಆಮ್ಲದ ತೊಟ್ಟಿಯ ಮುಂದೆ ನಿಂತಿದ್ದಳು. ವರದಿ ಓದಿ ಹೇಳಿದರೆ ಅವಳ ಹುಬ್ಬು ಗಂಟಿಕ್ಕಿತು.

"ಕಂಡುಬಂದಿಲ್ಲ ಅಂದ್ರೆ? ಅಷ್ಟು ತೊಳೆದಿದೀನಿ, ಏನೂ ಕಾಣ್ಸಿಲ್ವಾ ಅವರಿಗೆ?"

"ಏನೂ ಕಾಣ್ಸದೇ ಇರೋದೇ ಗೆದ್ದ ಹಾಗೆ ಕಣಕ್ಕಾ! ಕೆಲಸ ನಿಂದೇ. ಕಾಯಂ."

ಫಳಫಳಕ್ಕ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದಳು. ಕಣ್ಣು ತುಂಬಿತ್ತು. ಆದರೆ ಮೂಗು ಮೇಲಕ್ಕೇ ಇತ್ತು. "ನಮ್ಮನೇಲೂ ಹಾಗೇನೆ. ಎಷ್ಟು ತೊಳೆದ್ರೂ ಯಾರೂ ಏನೂ ಅನ್ನಲ್ಲ. ಅದೂ ಗೆದ್ದ ಹಾಗೇನಾ?"

"ಅಲ್ಲ. ಅಲ್ಲಿ ಬಾಯಿ ಬಿಟ್ಟು ಹೇಳ್ಬೇಕು ಅವರು."

"ಹಾಗಾದ್ರೆ ನೀವು ಇಲ್ಲೂ ಬಾಯಿ ಬಿಟ್ಟೇ ಹೇಳಿ. ಆ ಕಾಗದ ಹೇಳಿದ್ದು ನನಗೆ ಸಾಲ್ದು."

"ಚೆನ್ನಾಗಿ ತೊಳ್ದಿದೀಯ" ಎಂದಳು ಇತ್ಯಾದಿಯಮ್ಮ.

"ಏನಂದ್ರಿ? ಪಂಪಿನ ಸದ್ದಲ್ಲಿ ಕೇಳ್ಸಲ್ಲ."

"ಚೆನ್ನಾಗಿ ತೊಳ್ದಿದೀಯ ಅಂದೆ!"

"ಇನ್ನೂ ಜೋರಾಗಿ!"

ಗುತ್ತಿಗೆ ವಿಭಾಗದ ಅಧಿಕಾರಿ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಹೊಟ್ಟೆಯ ಆಳದಿಂದ ಕೂಗಿದಳು. ಪಂಪುಮನೆಯವನು ಏನೋ ಅನಾಹುತವಾಯಿತೆಂದು ಚಹಾದ ಲೋಟ ಹಿಡಿದುಕೊಂಡೇ ಹೊರಗೆ ಓಡಿಬಂದ. ಫಳಫಳಕ್ಕ ಅವನ ಕೈಯಿಂದ ಲೋಟ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ವಾಪಸು ಕೊಟ್ಟಳು.

"ಇದು ನನ್ನ ಐಟಂ ಅಲ್ಲ" ಎಂದಳು. "ನೀನೇ ತೊಳ್ಕೋ."